ಓತ್ಮಾರ್ ಅಮ್ಮಾನ್ ನೆನಪಿಗೆ: ಎಷ್ಟು ಉಕ್ಕು ಸಾಕು ಎಂದು ಬಲ್ಲ ಎಂಜಿನಿಯರ್

ಸೇತುಬಂಧ

ನಮ್ಮ ಸಿವಿಲ್ ವಿದ್ಯಾರ್ಥಿಗಳಿಗೆ ಗೋಲ್ಡನ್ ಗೇಟ್ ಸೇತುವೆ ಗೊತ್ತು, ಗಾಳಿಗೆ ಹರಿದುಬಿದ್ದ ಟಕೋಮಾ ಸೇತುವೆಯ ವಿಡಿಯೊ ಗೊತ್ತು. ಎರಡರ ಕಡತದಲ್ಲೂ ಹೆಸರಿರುವ ಓತ್ಮಾರ್ ಅಮ್ಮಾನ್ ಗೊತ್ತಿರುವವರು ಕಡಿಮೆ. ಆ ಕೊರತೆ ತುಂಬಲಿ ಎಂದೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹುಟ್ಟಿದ್ದು 1879ರ ಮಾರ್ಚ್ 26ರಂದು, ಸ್ವಿಟ್ಜರ್ಲೆಂಡಿನಲ್ಲಿ, ರೈನ್ ನದಿಯ ಆಚೆ ದಡದ ಶಾಫ್‌ಹೌಸನ್‌ಗೆ ಎದುರಾಗಿರುವ ಫಾಯರ್‌ಟಾಲನ್‌ನಲ್ಲಿ. ತಾಯಿಯ ತಂದೆ ಎಮಾನುಯೆಲ್ ಲಾಬ್‌ಹಾರ್ಟ್ ಭೂದೃಶ್ಯ ಚಿತ್ರಕಾರರು. ಜ್ಯೂರಿಕ್ ಪಾಲಿಟೆಕ್ನಿಕ್‌ನಿಂದ 1902ರಲ್ಲಿ ಪದವಿ. ಗುರುಗಳು ವಿಲ್ಹೆಲ್ಮ್ ರಿಟ್ಟರ್. 1904ರಲ್ಲಿ, 25ನೇ ವಯಸ್ಸಿಗೆ, ಅಮೆರಿಕಕ್ಕೆ ಹೊರಟರು. ಒಂದೆರಡು ವರ್ಷ ಅನುಭವ ಪಡೆದು ಊರಿಗೆ ಮರಳುವುದು ಎಂದಿದ್ದದ್ದು ಅರವತ್ತು ವರ್ಷವಾಯಿತು. 1924ರಲ್ಲಿ ಅಮೆರಿಕದ ಪೌರರಾದರು, 1965ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕ್ ರಾಜ್ಯದ ರೈ ಊರಿನಲ್ಲಿ ತೀರಿಕೊಂಡರು.

ಈ ನಡುವೆ ಅವರು ಎರಡು ಸಲ ಜಗತ್ತಿನ ಅತಿ ಉದ್ದದ ಸ್ಪ್ಯಾನ್ (ಎರಡು ಆಧಾರಗಳ ನಡುವಿನ ಹರವು) ಕಟ್ಟಿದರು, ಎರಡೂ ನ್ಯೂಯಾರ್ಕಿನಲ್ಲಿ: 1931ರಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ, 3,500 ಅಡಿ, 1964ರಲ್ಲಿ ವೆರಜಾನೊ ನ್ಯಾರೋಸ್, 4,260 ಅಡಿ. ಮೊದಲನೆಯದಕ್ಕೆ 52 ವಯಸ್ಸು, ಎರಡನೆಯದಕ್ಕೆ 85.

ದಾಖಲೆಗಳು ಬರುತ್ತವೆ, ಹೋಗುತ್ತವೆ. ನನ್ನ ಮಟ್ಟಿಗೆ ಅವರ ನಿಜವಾದ ಕೊಡುಗೆ ತೂಕದ ವಿವೇಕ. ಯಾವ ತೂಕ ಸೇತುವೆಗೆ ಬೇಕು, ಯಾವುದು ಬರೀ ಹೊರೆ ಎಂದು ಅವರಷ್ಟು ಸ್ಪಷ್ಟವಾಗಿ ಬೇರ್ಪಡಿಸಿದವರು ಆ ಕಾಲದಲ್ಲಿ ಇರಲಿಲ್ಲ. ತಿಳಿದವರು ಸೇರಿಸಿ, ಒಪ್ಪದವರು ತಕರಾರು ತೆಗೆಯಿರಿ.

ಹಳೇ ನಕ್ಷೆ

ತೂಕದ ವಿವೇಕ ಎಂದಿರಲ್ಲ ಸಾರ್, ಅದರ ಮೊದಲ ಪಾಠ ಕ್ವಿಬೆಕ್. 1907ರ ಆಗಸ್ಟ್ 29ರ ಸಂಜೆ, ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದ ಕ್ಯಾಂಟಿಲಿವರ್ (ಎರಡೂ ದಡದಿಂದ ತೋಳು ಚಾಚುವ) ಸೇತುವೆಯ ದಕ್ಷಿಣ ತೋಳು ಕುಸಿದು 75 ಕೆಲಸಗಾರರು ಸತ್ತರು. ಕೆನಡಾ ಸರ್ಕಾರದ ತನಿಖೆಗೆ ವಿನ್ಯಾಸ ಪರಿಶೀಲನೆಯ ವರದಿ ಬರೆದವರು ಸಿ. ಸಿ. ಷ್ನೈಡರ್. ಅವರ ಕೈಕೆಳಗೆ ಲೆಕ್ಕದ ಕೆಲಸಕ್ಕೆ ನಿಂತವರು ಅಮ್ಮಾನ್. ಆಗ ಇನ್ನೂ 28.

ಅಲ್ಲಿ ಆದ ತಪ್ಪು ಇಷ್ಟು. ಮುಖ್ಯ ಸ್ಪ್ಯಾನ್ ಅನ್ನು 1,600 ಅಡಿಯಿಂದ 1,800ಕ್ಕೆ ಏರಿಸಿದರು, ಡೆಡ್ ಲೋಡ್ (ಸೇತುವೆಯ ಸ್ವಂತ ತೂಕ) ಅನ್ನು ಮಾತ್ರ ಹಳೆಯ ಅಂದಾಜಿನಲ್ಲೇ ಬಿಟ್ಟರು. ಉಕ್ಕು ಕಾರ್ಖಾನೆಯಿಂದ ಬಂದು ತೂಗಿದಾಗ ವ್ಯತ್ಯಾಸ ಕಂಡಿತು, ಅಷ್ಟರಲ್ಲಿ ಬಹುಪಾಲು ತಯಾರಾಗಿತ್ತು. ಎರಡನೆಯದು ಕೆಳಗಿನ ಕಾರ್ಡ್‌ಗಳು, ಅಂದರೆ ತೋಳಿನ ಕೆಳ ಅಂಚಿನ ಉದ್ದ ತೊಲೆಗಳು. ಒಂದೊಂದೂ ನಾಲ್ಕು ಪ್ಲೇಟ್ ಪಕ್ಕೆಗಳಿಂದಾದ, ಒತ್ತುವ ಭಾರ ಹೊರುವ ತೊಲೆ. ಆ ಪಕ್ಕೆಗಳನ್ನು ಒಟ್ಟಿಗೆ ಹಿಡಿಯಬೇಕಾದ ಲ್ಯಾಟಿಸ್ (ಓರೆ ಜಾಲದ) ಪಟ್ಟಿ ಮತ್ತು ಅವುಗಳ ರಿವೆಟ್ ಸಾಲದಾಗಿದ್ದವು. ಎಡ ಬದಿಯ ಕಾರ್ಡ್ ಕುಸಿತಕ್ಕೆ ಮೊದಲೇ ಎರಡು ಅಂಗುಲದಷ್ಟು ಬಾಗಿದ್ದು ಸ್ಥಳದವರ ಕಣ್ಣಿಗೆ ಬಿದ್ದಿತ್ತು. ನ್ಯೂಯಾರ್ಕಿನಿಂದ ಸಲಹೆಗಾರ ಥಿಯೋಡರ್ ಕೂಪರ್, ಮತ್ತಷ್ಟು ಭಾರ ಹೇರಬೇಡಿ ಎಂದು ಉಕ್ಕಿನ ಕಂಪನಿಗೆ ತಂತಿ ಕಳಿಸಿದರು. ಅದು ಸ್ಥಳದಲ್ಲಿದ್ದವರ ಕೈ ಸೇರಿ ಕೆಲಸ ನಿಲ್ಲುವಷ್ಟರಲ್ಲಿ ಸೇತುವೆಯೇ ಇರಲಿಲ್ಲ.

ಇದನ್ನು ಒಳಗಿಂದ ನೋಡಿದ ಹುಡುಗ ಮುಂದೆ ಡೆಡ್ ಲೋಡ್ ಅನ್ನು ಲೆಕ್ಕದ ಮೊದಲ ಸಾಲಿನಲ್ಲಿ ಇಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ವಿದ್ಯಾ_ಸಿವಿಲ್

ಸೇತುವೆ ಎಂಜಿನಿಯರ್ ಲಿಂಡೆಂಥಾಲ್ ಜೊತೆ ಅಮ್ಮಾನ್ ಅವರ ಜಗಳ ಏನಿತ್ತು? ಒಂದು ಕಡೆ ಗುರು ಅಂತಾರೆ, ಇನ್ನೊಂದು ಕಡೆ ಎದುರಾಳಿ ಅಂತಾರೆ.

ಕಡತ ಓದುಗಿ

ಎರಡೂ ಹೌದಮ್ಮ. ಗುಸ್ತಾವ್ ಲಿಂಡೆಂಥಾಲ್ ಕೂಡ ಯುರೋಪಿನಿಂದ ಬಂದ ವಲಸೆಗಾರರೇ. 1912ರಲ್ಲಿ ನ್ಯೂಯಾರ್ಕಿನ ಹೆಲ್ ಗೇಟ್ ರೈಲು ಕಮಾನು ಸೇತುವೆಗೆ ಅಮ್ಮಾನ್ ಅವರನ್ನು ಮುಖ್ಯ ಸಹಾಯಕರಾಗಿ ಸೇರಿಸಿಕೊಂಡರು. 1914ರಲ್ಲಿ ಯುದ್ಧ ಬಂತು, ಅಮ್ಮಾನ್ ಸ್ವಿಸ್ ಸೈನ್ಯದ ಕರೆಗೆ ಓಗೊಟ್ಟು ಊರಿಗೆ ಹೋದರು. ಅವರು ಇಲ್ಲದಾಗ ಆ ಜಾಗದಲ್ಲಿ ನಿಂತವರು ಡೇವಿಡ್ ಸ್ಟೈನ್‌ಮನ್. ಈ ಇಬ್ಬರ ಜೀವಮಾನದ ಪೈಪೋಟಿ ಶುರುವಾದದ್ದು ಅಲ್ಲಿಂದ. ಸೇತುವೆ ಮುಗಿದು ಕೆಲಸ ಬತ್ತಿದಾಗ ಲಿಂಡೆಂಥಾಲ್ ತಮ್ಮ ಪಾಲು ಇದ್ದ ನ್ಯೂಜೆರ್ಸಿಯ ಜೇಡಿಮಣ್ಣಿನ ಗಣಿಯೊಂದನ್ನು ನೋಡಿಕೊಳ್ಳಲು ಅಮ್ಮಾನ್ ಅವರನ್ನು ಕಳಿಸಿದರು. ಅದರ ಇನ್ನೊಬ್ಬ ಪಾಲುದಾರ ಜಾರ್ಜ್ ಸಿಲ್ಜರ್. ಈ ಹೆಸರು ನೆನಪಿಟ್ಟುಕೊಳ್ಳಿ.

ಲಿಂಡೆಂಥಾಲ್ ಕನಸು ಹಡ್ಸನ್ ನದಿಯ ಮೇಲೆ, ಮ್ಯಾನ್‌ಹಟನ್‌ನ 57ನೇ ಬೀದಿಯ ಹತ್ತಿರ ಒಂದು ದೈತ್ಯ ಸೇತುವೆ: ಹನ್ನೆರಡು ರೈಲು ಹಳಿ, ಇಪ್ಪತ್ತು ವಾಹನ ಲೇನ್. ರೈಲಿನ ಭಾರಕ್ಕೆ ಉಕ್ಕು, ಉಕ್ಕಿನ ಭಾರಕ್ಕೆ ಇನ್ನಷ್ಟು ಉಕ್ಕು, ನಗರದ ನಟ್ಟನಡುವೆ ಜಮೀನು. ಹಣ ಕೊಡುವವರೇ ಇರಲಿಲ್ಲ. ಯೋಜನೆಯನ್ನು ಕುಗ್ಗಿಸೋಣ ಎಂದು ಅಮ್ಮಾನ್ 1923ರ ಮಾರ್ಚ್‌ನಲ್ಲಿ ಬರೆದುಕೊಟ್ಟರು. ನೀನು ಅಂಜುಬುರುಕ, ದೂರದೃಷ್ಟಿ ಇಲ್ಲದವನು, ನಾನು ಸಾವಿರ ವರ್ಷ ಮುಂದೆ ನೋಡುತ್ತಿದ್ದೇನೆ ಎಂದು ಲಿಂಡೆಂಥಾಲ್ ಗದರಿದ್ದನ್ನು ಅಮ್ಮಾನ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ಅದೇ ವರ್ಷ ಅವರು ಹೊರಬಂದರು. ಸೇತುವೆಯನ್ನು ಉತ್ತರಕ್ಕೆ, 179ನೇ ಬೀದಿಯ ಕಡೆಗೆ ಸರಿಸಿದರು: ಅಲ್ಲಿ ಎರಡೂ ದಡ ಎತ್ತರ, ಜಮೀನು ಅಗ್ಗ. ರೈಲನ್ನು ಕೈಬಿಟ್ಟು ಮೋಟಾರು ವಾಹನಕ್ಕೆ ಆದ್ಯತೆ ಕೊಟ್ಟರು. 1923ರಲ್ಲಿ ನ್ಯೂಜೆರ್ಸಿಯ ಗವರ್ನರ್ ಆದವರು ಅದೇ ಸಿಲ್ಜರ್. ಅಮ್ಮಾನ್ ತಿಂಗಳುಗಟ್ಟಲೆ ಸಂಬಳವಿಲ್ಲದೆ ನಕ್ಷೆ ಬರೆದು, ಊರೂರು ಸುತ್ತಿ ಸಭೆಗಳಲ್ಲಿ ಮಾತಾಡಿ, ಯೋಜನೆಯನ್ನು ಎರಡೂ ರಾಜ್ಯಗಳ ಬಂದರು ಸಂಸ್ಥೆಯಾದ ಪೋರ್ಟ್ ಅಥಾರಿಟಿಯ ಮೇಜಿಗೆ ತಲುಪಿಸಿದರು. 1925ರಲ್ಲಿ ಆ ಸಂಸ್ಥೆ ಅವರನ್ನೇ ಸೇತುವೆ ಎಂಜಿನಿಯರ್ ಆಗಿ ನೇಮಿಸಿತು. ಅದೇ ಜಾರ್ಜ್ ವಾಷಿಂಗ್ಟನ್ ಸೇತುವೆ. ಖರ್ಚು ತೀರಿದ್ದು ಬಾಂಡ್ ಮತ್ತು ಸುಂಕದಿಂದ.

ಡೆಡ್‌ಲೋಡ್

ಈಗ ತಾಂತ್ರಿಕ ತಿರುಳಿಗೆ ಬರೋಣ. ಅದುವರೆಗಿನ ದಾಖಲೆ 1929ರ ಡೆಟ್ರಾಯಿಟ್ ಅಂಬಾಸಡರ್ ಸೇತುವೆ, 1,850 ಅಡಿ. ಅಮ್ಮಾನ್ ಒಂದೇ ಹೆಜ್ಜೆಗೆ ಅದರ ಹತ್ತಿರ ಹತ್ತಿರ ಎರಡು ಪಟ್ಟು ಹೋದರು. ಅದೂ ಡೆಕ್ (ವಾಹನ ಓಡುವ ಹಾಸು) ಕೆಳಗೆ ಸ್ಟಿಫನಿಂಗ್ ಟ್ರಸ್ (ಹಾಸನ್ನು ಗಡಸಾಗಿಸುವ ಉಕ್ಕಿನ ಚೌಕಟ್ಟು) ಇಲ್ಲದೆ.

ಇದು ಸಾಧ್ಯವಾದದ್ದು ಡಿಫ್ಲೆಕ್ಷನ್ ಥಿಯರಿಯಿಂದ, ಅಂದರೆ ಭಾರಕ್ಕೆ ಕೇಬಲ್ ಎಷ್ಟು ಬಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವ ಕ್ರಮದಿಂದ. ಹಳೆಯ ಲೆಕ್ಕದಲ್ಲಿ ಕೇಬಲ್ಲಿನ ಆಕಾರ ಬದಲಾಗದು ಎಂದು ಭಾವಿಸಿ, ಓಡುವ ವಾಹನದ ಭಾರವನ್ನು ಹರಡುವ ಹೊಣೆಯನ್ನೆಲ್ಲ ಟ್ರಸ್‌ಗೆ ಹೊರಿಸುತ್ತಿದ್ದರು. ಆದರೆ ಭಾರವಾದ ಕೇಬಲ್ ತಾನೇ ಗಡಸು. ಒದ್ದೆ ಬಟ್ಟೆ ಹರವಿದ ಹಗ್ಗದ ಮೇಲೆ ಗುಬ್ಬಿ ಕೂತರೆ ಹಗ್ಗ ಅಲುಗುವುದಿಲ್ಲ, ಖಾಲಿ ಹಗ್ಗವಾದರೆ ತೊನೆಯುತ್ತದೆ. ಇಲ್ಲಿ ಡೆಡ್ ಲೋಡ್ ಒಂದು ಅಡಿ ಉದ್ದಕ್ಕೆ 31,000 ಪೌಂಡ್‌ಗೂ ಹೆಚ್ಚು. ವಾಹನದ ಭಾರ ಅದರ ಮುಂದೆ ಸಣ್ಣದು, ಕೇಬಲ್ ಆಕಾರ ಹೆಚ್ಚು ಬದಲಾಗದು, ಹಾಗಾಗಿ ಟ್ರಸ್ ಮುಂದೂಡಬಹುದು. ಮುಂದೂಡಿದ್ದು ಎನ್ನುವುದು ಮುಖ್ಯ. ಮುಂದೆ ಕೆಳ ಡೆಕ್ ಬರುತ್ತದೆಂದು ಗೋಪುರ, ಕೇಬಲ್, ಆಂಕರೇಜ್ (ಕೇಬಲ್ ತುದಿಗಳನ್ನು ದಡದಲ್ಲಿ ಹಿಡಿದಿಡುವ ಕಟ್ಟು) ಎಲ್ಲವನ್ನೂ ಪೂರ್ಣ ಭಾರಕ್ಕೇ ಕಟ್ಟಿದರು. ಮೇಲಿನ ಡೆಕ್ಕಿನ ನಡುವಿನ ಎರಡು ಲೇನ್‌ಗೂ 1946ರವರೆಗೆ ಹೊದಿಕೆ ಹಾಕಿರಲಿಲ್ಲ. ಕೆಳ ಡೆಕ್ ಮತ್ತು ಅದರ ಟ್ರಸ್ ಬಂದದ್ದು 1962ರಲ್ಲಿ: ತುಂಡು ತುಂಡಾಗಿ ಎತ್ತಿ ಕೂರಿಸಿದರು, ಮೇಲೆ ವಾಹನ ಓಡುತ್ತಲೇ ಇತ್ತು.

ಮೊದಲು ಅಗತ್ಯದಷ್ಟು ಕಟ್ಟಿ ಸುಂಕ ಬರಲು ಬಿಡುವುದು, ಅಡಿಪಾಯದಲ್ಲಿ ಮಾತ್ರ ಜಿಪುಣತನ ಮಾಡದಿರುವುದು. ಲಿಂಡೆಂಥಾಲ್ ಹೇಳಿದ ದೂರದೃಷ್ಟಿ ನಿಜವಾಗಿ ಇದ್ದದ್ದು ಶಿಷ್ಯನಲ್ಲಿ.

ಹಳೇ ನಕ್ಷೆ

ಒಂದು ತಕರಾರು. ಜಾರ್ಜ್ ವಾಷಿಂಗ್ಟನ್ ಗೋಪುರಗಳ ಬೆತ್ತಲೆ ಉಕ್ಕನ್ನು ನೋಡಿ ಅಮ್ಮಾನ್ ಸರಳತೆಯ ಆರಾಧಕ ಎಂದು ಬರೆಯುವವರಿದ್ದಾರೆ. 604 ಅಡಿಯ ಆ ಗೋಪುರಗಳಿಗೆ ಕ್ಯಾಸ್ ಗಿಲ್ಬರ್ಟ್ ಬರೆದ ಗ್ರಾನೈಟ್ ಹೊದಿಕೆಗೆ ಅಮ್ಮಾನ್ ಒಪ್ಪಿಗೆಯೂ ಇತ್ತು, ಇಷ್ಟವೂ ಇತ್ತು. ಅದು ಬಿಟ್ಟುಹೋದದ್ದು ಆರ್ಥಿಕ ಕುಸಿತದ ದಿನಗಳಲ್ಲಿ ದುಡ್ಡು ಉಳಿಸಲು. ಜನಕ್ಕೂ ಅಷ್ಟರಲ್ಲಿ ಬರಿಯ ಉಕ್ಕು ಹಿಡಿಸಿತ್ತು.

ಡೆಡ್‌ಲೋಡ್

ಒಪ್ಪುತ್ತೇನೆ. ಆದರೆ ಕಲ್ಲಿನ ಆಸರೆಯಿಲ್ಲದೆ ಉಕ್ಕೊಂದೇ ಇಡೀ ಭಾರ ಹೊರುವಂತೆ ಮೊದಲೇ ಲೆಕ್ಕ ಹಾಕಿದ್ದರಿಂದಲೇ ಕೊನೆಯ ಗಳಿಗೆಯಲ್ಲಿ ಹೊದಿಕೆ ಕೈಬಿಡಲು ಆಯಿತು. ಮುಂದೆ ವೈಟ್‌ಸ್ಟೋನ್, ವೆರಜಾನೊ ಗೋಪುರಗಳಲ್ಲಿ ಅಡ್ಡಪಟ್ಟಿಗಳ ಜಾಲವನ್ನೂ ತೆಗೆದು ನುಣುಪಾದ ಚೌಕಟ್ಟು ನಿಲ್ಲಿಸಿದ್ದು ಅವರದೇ ಆಯ್ಕೆ, ಅಲ್ಲಿ ಯಾರ ಒತ್ತಾಯವೂ ಇರಲಿಲ್ಲ.

ತಂತಿಹಗ್ಗ

ಕೇಬಲ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಜಾರ್ಜ್ ವಾಷಿಂಗ್ಟನ್‌ಗೆ ನಾಲ್ಕು ಮುಖ್ಯ ಕೇಬಲ್, ಒಂದೊಂದರ ವ್ಯಾಸ 36 ಅಂಗುಲ. ನೂತದ್ದು ರೋಬ್ಲಿಂಗ್ ಕಂಪನಿ. ಇಂಥ ಕೇಬಲ್ಲನ್ನು ಕಾರ್ಖಾನೆಯಲ್ಲಿ ಮಾಡಿ ತರಲು ಆಗದು, ಗಾಳಿಯಲ್ಲೇ ತಂತಿ ತಂತಿಯಾಗಿ ನೂಲಬೇಕು.

ಮೊದಲು ಕೆಲಸಗಾರರು ನಡೆದಾಡುವ ತೂಗು ಕಾಲುದಾರಿ. ಅದರ ಹಗ್ಗವನ್ನು ದೋಣಿಯಿಂದ ನದಿಯ ತಳಕ್ಕೆ ಬಿಡುತ್ತ ದಾಟಿಸಿ, ಹಡಗು ಸಂಚಾರ ನಿಲ್ಲಿಸಿ ಮೇಲೆತ್ತುತ್ತಾರೆ. ಆಮೇಲೆ ನೂಲುವ ಚಕ್ರ. ಅದು ತಂತಿಯ ಕುಣಿಕೆಯನ್ನು ಒಂದು ಆಂಕರೇಜಿನಿಂದ ಎರಡು ಗೋಪುರದ ಮೇಲೆ ಹಾಯಿಸಿ ಇನ್ನೊಂದು ಆಂಕರೇಜಿಗೆ ಒಯ್ಯುತ್ತದೆ. ಅಲ್ಲಿ ಕುಣಿಕೆಯನ್ನು ಬಿಡಿಸಿ ಕುದುರೆ ಲಾಳದ ಆಕಾರದ ಸ್ಟ್ರಾಂಡ್ ಶೂಗೆ ಸಿಕ್ಕಿಸುತ್ತಾರೆ. ಕುಣಿಕೆಗೆ ಎರಡು ತಂತಿಯಂತೆ 217 ಕುಣಿಕೆಗೆ 434 ತಂತಿ, ಅದು ಒಂದು ಸ್ಟ್ರಾಂಡ್. ಇಂಥ 61 ಸ್ಟ್ರಾಂಡ್ ಒಂದು ಕೇಬಲ್. 61 ಯಾಕೆಂದರೆ ನಡುವೆ ಒಂದು, ಸುತ್ತ 6, 12, 18, 24 ಜೋಡಿಸಿದರೆ ಸರಿಯಾದ ಷಟ್ಕೋನವಾಗುತ್ತದೆ, ಹೈಡ್ರಾಲಿಕ್ ಜಾಕಿನಿಂದ ಸುತ್ತಲೂ ಒತ್ತಿದಾಗ ದುಂಡಗಾಗುತ್ತದೆ.

ಕೆಡುವುದು ಎಲ್ಲಿ? ತಂತಿಯ ಇಳಿಬೀಳಿನಲ್ಲಿ. ಒಂದು ತಂತಿ ತುಸು ಗಿಡ್ಡವಾದರೆ ಪಕ್ಕದವುಗಳ ಪಾಲನ್ನೂ ಅದೇ ಎಳೆಯುತ್ತದೆ, ತುಸು ಉದ್ದವಾದರೆ ಸುಮ್ಮನೆ ಜೋತಾಡುತ್ತದೆ. ಅದಕ್ಕೆ ಮೊದಲೇ ಅಳೆದು ಕಟ್ಟಿದ ಒಂದು ಮಾರ್ಗದರ್ಶಿ ತಂತಿಗೆ ಹೋಲಿಸಿ ಸರಿಪಡಿಸುತ್ತಾರೆ. ಬಿಸಿಲಿನಲ್ಲಿ ಮೇಲಿನ ತಂತಿಗಳು ಹೆಚ್ಚು ಹಿಗ್ಗುವುದರಿಂದ ಸ್ಟ್ರಾಂಡ್‌ಗಳ ಅಂತಿಮ ಹೊಂದಾಣಿಕೆ ರಾತ್ರಿ, ಎಲ್ಲೆಡೆ ಶಾಖ ಒಂದೇ ಇರುವಾಗ. ಒತ್ತಿದ ಮೇಲೆ ಕೇಬಲ್ ಸುತ್ತ ಬಿಗಿಯುವ ಕೇಬಲ್ ಬ್ಯಾಂಡ್, ಬ್ಯಾಂಡಿನಿಂದ ಡೆಕ್ಕನ್ನು ತೂಗುಹಾಕುವ ಸಸ್ಪೆಂಡರ್ ಹಗ್ಗ, ಕೊನೆಗೆ ಸೀಸದ ಪೇಸ್ಟ್ ಬಳಿದು ಮೆತ್ತನೆಯ ತಂತಿಯ ಸುತ್ತು. ಈ ಸುತ್ತಿನಲ್ಲಿ ಬಿರುಕು ಬಿಟ್ಟರೆ ನೀರು ಒಳಗಿಳಿದು ತಳಭಾಗದಲ್ಲಿ ನಿಲ್ಲುತ್ತದೆ, ತುಕ್ಕು ಹೊರಗಿನವರ ಕಣ್ಣಿಗೆ ಕಾಣದೆ ಹಬ್ಬುತ್ತದೆ.

ವಿದ್ಯಾ_ಸಿವಿಲ್

ಒಟ್ಟು ತಂತಿ 1,07,000 ಮೈಲಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಂಬಬಹುದಾ ಸಾರ್?

ತಂತಿಹಗ್ಗ

ನೀವೇ ತಾಳೆ ನೋಡಬಹುದು. 434 × 61 = 26,474. ನಾಲ್ಕು ಕೇಬಲ್ಲಿಗೆ 1,05,896. ಆಂಕರೇಜಿನಿಂದ ಆಂಕರೇಜಿಗೆ 4,760 ಅಡಿ ನೇರ ದೂರ. ಗೋಪುರ ಹತ್ತಿ ಇಳಿಯುವ ಬಳಸಿನಿಂದ ಪ್ರತಿ ತಂತಿ ಒಂದು ಮೈಲಿಯ ಆಸುಪಾಸು. ಅಂದರೆ ಸರಿ ಇದೆ. ಇನ್ನೊಂದು ತಾಳೆ: ತಂತಿಯ ವ್ಯಾಸ 0.196 ಅಂಗುಲ, ಅಡ್ಡಕೊಯ್ತ ಸುಮಾರು 0.0302 ಚದರ ಅಂಗುಲ. 26,474ರಿಂದ ಗುಣಿಸಿದರೆ ಸುಮಾರು 800. 36 ಅಂಗುಲದ ವೃತ್ತ 1,018. ಅಂದರೆ ಶೇಕಡಾ 78ರಷ್ಟು ಉಕ್ಕು, ಉಳಿದದ್ದು ಸಂದು. ಚೆನ್ನಾಗಿ ಒತ್ತಿದ ಕೇಬಲ್ಲಿಗೆ ಇದು ಸಹಜ ಸಂಖ್ಯೆ.

ಕಡತ ಓದುಗಿ

ಉಕ್ಕಿನ ಲೆಕ್ಕದಲ್ಲಿ ಮನೆಯವರು ಕಳೆದುಹೋಗಬಾರದು. ಅಮ್ಮಾನ್ 1905ರಲ್ಲಿ ಊರಿಗೆ ಹೋಗಿ ಲಿಲಿ ವೆರ್ಲಿಯವರನ್ನು ಮದುವೆಯಾಗಿ ಕರೆತಂದರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ನ್ಯೂಜೆರ್ಸಿಯ ಬೂಂಟನ್‌ನಲ್ಲಿ ಮನೆ. ಮೇಲೆ ಹೇಳಿದ ಸಂಬಳವಿಲ್ಲದ ತಿಂಗಳುಗಳನ್ನು ಈಗ ಈ ಮನೆಯ ಒಳಗಿಂದ ನೋಡಿ. ಮಗಳು ಆಗಿನ್ನೂ ಪುಟ್ಟ ಮಗು, ಗಂಡ ಒಳ್ಳೆಯ ನೌಕರಿ ಬಿಟ್ಟಿದ್ದಾನೆ, ಸೇತುವೆ ಆಗುತ್ತದೆಂಬ ಖಾತರಿ ಯಾರೂ ಕೊಟ್ಟಿಲ್ಲ. ಆ ಮನೆ ನಡೆದದ್ದು ಲಿಲಿಯವರಿಂದ. ಸೇತುವೆಯ ಚರಿತ್ರೆ ಬರೆಯುವವರು ಸಿಲ್ಜರ್‌ಗೆ ಒಂದು ಅಧ್ಯಾಯ ಕೊಟ್ಟು ಇವರಿಗೆ ಒಂದು ಸಾಲು ಕೊಡುತ್ತಾರೆ, ಇದು ನ್ಯಾಯವಲ್ಲ. 1931ರಲ್ಲಿ ಗಂಡನ ಎರಡು ಸೇತುವೆ ತೆರೆದದ್ದನ್ನು ಲಿಲಿ ಕಂಡರು, 1933ರಲ್ಲಿ ತೀರಿಕೊಂಡರು. 1935ರಲ್ಲಿ ಅಮ್ಮಾನ್, ಕ್ಲಾರಿ ಫೋಗ್ಟ್ ನೋಟ್ಜ್ಲಿಯವರನ್ನು ಮದುವೆಯಾದರು. ಕೊನೆಯ ಮೂವತ್ತು ವರ್ಷ ಜೊತೆಗಿದ್ದವರು ಅವರು.

ಸ್ವಿಟ್ಜರ್ಲೆಂಡಿನಲ್ಲಿದ್ದ ತಾಯಿಗೆ ಅವರು ಕಾಗದ ಬರೆಯುತ್ತಲೇ ಇದ್ದರು. ಲಿಂಡೆಂಥಾಲ್ ಜೊತೆಗಿನ ಬಿರುಕಿನ ನೋವು ನಮಗೆ ತಿಳಿಯುವುದು ಹೀಗೆ ಮನೆಯವರು ಉಳಿಸಿದ ಕಾಗದ, ದಿನಚರಿಗಳಿಂದ. ಹೊರಗೆ ಅವರು ಗುರುವಿನ ವಿರುದ್ಧ ಬಾಯಿಬಿಟ್ಟವರಲ್ಲ. ಹಿರಿಯ ಮಗ ಎಂಜಿನಿಯರ್ ಆದರು, ಮಗಳು ವೈದ್ಯೆಯಾದರು. ತಂದೆಯ ನೆನಪನ್ನು ಜೋಪಾನ ಮಾಡಿದ್ದರಲ್ಲಿ ಆಕೆಯ ಪಾಲು ದೊಡ್ಡದು.

ಡೆಡ್‌ಲೋಡ್

ಮೇಡಂ, ಈ ಭಾಗ ಬೇಕಾಗಿತ್ತು. ಧನ್ಯವಾದ.

ನಾನು ಟಕೋಮಾ ಬಗ್ಗೆ ಬರೆದು ನನ್ನ ಮಾತು ಪೂರ್ತಿ ಮಾಡುತ್ತೇನೆ. ಡೆಡ್ ಲೋಡೇ ಗಡಸುತನ ಕೊಡುತ್ತದೆ ಎಂದಮೇಲೆ, ಹಗುರ ಸೇತುವೆಗೆ ಆ ಸೂತ್ರ ಒಯ್ದರೆ ಏನಾಗುತ್ತದೆ? ಮೂರು ಸೇತುವೆ ಪಕ್ಕಪಕ್ಕ ಇಡಿ. ಜಾರ್ಜ್ ವಾಷಿಂಗ್ಟನ್: ಅಗಲ 106 ಅಡಿ, ಸ್ಪ್ಯಾನಿನ 33ನೇ ಒಂದು ಭಾಗ. 1939ರ ಬ್ರಾಂಕ್ಸ್-ವೈಟ್‌ಸ್ಟೋನ್, ಇದೂ ಅಮ್ಮಾನ್ ಅವರದೇ: ಸ್ಪ್ಯಾನ್ 2,300, ಅಗಲ 74, ಅಂದರೆ 31ನೇ ಒಂದು ಭಾಗ, ಡೆಕ್ಕಿನ ಎರಡೂ ಅಂಚಿಗೆ 11 ಅಡಿ ಎತ್ತರದ ಪ್ಲೇಟ್ ಗರ್ಡರ್ (ಸಂದಿಲ್ಲದ ಉಕ್ಕಿನ ತೊಲೆ). ಲಿಯಾನ್ ಮೊಯ್ಸೈಫ್ ಅವರ ಟಕೋಮಾ ನ್ಯಾರೋಸ್: ಸ್ಪ್ಯಾನ್ 2,800, ಅಗಲ ಬರೀ 39, ಅಂದರೆ 72ನೇ ಒಂದು ಭಾಗ, ಗರ್ಡರ್ 8 ಅಡಿ, ತೂಕ ಅಡಿಗೆ ಸುಮಾರು 5,700 ಪೌಂಡ್. 1940ರ ನವೆಂಬರ್ 7ರಂದು ಗಂಟೆಗೆ 42 ಮೈಲಿ ಗಾಳಿಗೆ ಅದು ಹರಿದುಬಿತ್ತು. ನಡುಸ್ಪ್ಯಾನಿನ ಒಂದು ಕೇಬಲ್ ಬ್ಯಾಂಡ್ ಜಾರಿ, ಮೇಲೆ ಕೆಳಗೆ ಅಲೆಯುತ್ತಿದ್ದ ಡೆಕ್ ತಿರುಚತೊಡಗಿತು. ಗಟ್ಟಿ ಪ್ಲೇಟ್ ಗಾಳಿಗೆ ಸಂದು ಬಿಡುವುದಿಲ್ಲ, ತಿರುಚು ತಾನೇ ತನ್ನನ್ನು ಬೆಳೆಸಿಕೊಳ್ಳುತ್ತದೆ.

ತನಿಖೆಗೆ ಕೂತ ಮೂವರು: ಅಮ್ಮಾನ್, ಥಿಯೋಡರ್ ಫಾನ್ ಕಾರ್ಮಾನ್, ಗ್ಲೆನ್ ವುಡ್ರಫ್. 1941ರ ಮಾರ್ಚ್‌ನ ವರದಿ ಮೊಯ್ಸೈಫ್ ಒಬ್ಬರ ತಲೆಗೆ ಕಟ್ಟಲಿಲ್ಲ. ಅಂದಿನ ವೃತ್ತಿಯ ತಿಳಿವಳಿಕೆಯಲ್ಲೇ ಗಾಳಿಯ ಚಲನಶಾಸ್ತ್ರ ಇರಲಿಲ್ಲ ಎಂದು ಹೇಳಿತು. ಅಮ್ಮಾನ್ ಇದನ್ನು ತಮ್ಮ ಸೇತುವೆಗೂ ಅನ್ವಯಿಸಿದರು. ವೈಟ್‌ಸ್ಟೋನ್ ಕೂಡ ಗಾಳಿಗೆ ಅಲೆಯುತ್ತಿತ್ತು. ಅದಕ್ಕೆ ಬಿಗಿಹಗ್ಗ ಕಟ್ಟಿದರು, 1946ರಲ್ಲಿ ಗರ್ಡರ್ ಮೇಲೆ 14 ಅಡಿಯ ಟ್ರಸ್ ಕೂರಿಸಿದರು. ನೋಟ ಕೆಟ್ಟಿತು, ಆದರೂ ಹಾಕಿದರು. 2003ರ ಹೊತ್ತಿಗೆ ಆ ಟ್ರಸ್ ತೆಗೆದು, ಗಾಳಿಯನ್ನು ಸೀಳುವಂಥ ತ್ರಿಕೋನದ ಫೈಬರ್‌ಗ್ಲಾಸ್ ಅಂಚನ್ನು ಡೆಕ್ಕಿನ ಪಕ್ಕಕ್ಕೆ ಕೂರಿಸಿದ್ದಾರೆ. ಸೇತುವೆಗೆ ಮೊದಲಿನ ಗೆರೆ ಮರಳಿದೆ.

ವಿದ್ಯಾ_ಸಿವಿಲ್

ವೆರಜಾನೊ ಗೋಪುರಗಳ ತುದಿ ಬುಡಕ್ಕಿಂತ 1 5/8 ಅಂಗುಲ ಹೆಚ್ಚು ದೂರ ಇವೆ, ಭೂಮಿ ದುಂಡಗಿರುವುದಕ್ಕೆ ಅಂತಾರೆ. ಇದು ನಿಜಾನಾ ಅಥವಾ ಪ್ರವಾಸಿಗರಿಗೆ ಹೇಳುವ ಮಾತಾ?

ಸೇತುಬಂಧ

ನಿಜ. ಎರಡೂ ಗೋಪುರ ತಮ್ಮ ತಮ್ಮ ಜಾಗದಲ್ಲಿ ಲಂಬವಾಗಿವೆ, ಭೂಮಿಯ ಕೇಂದ್ರದಿಂದ ಹೊರಟ ಎರಡು ಗೆರೆ ಮೇಲೆ ಹೋದಂತೆ ಅಗಲವಾಗುತ್ತವೆ. ದೂರವನ್ನು ಎತ್ತರದಿಂದ ಗುಣಿಸಿ ಭೂಮಿಯ ತ್ರಿಜ್ಯದಿಂದ ಭಾಗಿಸಿ: 1,298 ಮೀಟರ್ × 211 ಮೀಟರ್ ÷ 63,71,000 ಮೀಟರ್ = 0.043 ಮೀಟರ್, 43 ಮಿಲಿಮೀಟರ್. 1 5/8 ಅಂಗುಲ ಎಂದರೆ 41. ನೀರಿನ ಮಟ್ಟದ ಬದಲು ಉಕ್ಕು ಶುರುವಾಗುವಲ್ಲಿಂದ ಎತ್ತರ ಹಿಡಿದರೆ ಇನ್ನೂ ಹತ್ತಿರ ಬರುತ್ತದೆ. ಕಟ್ಟುವವರಿಗೆ ಇದಕ್ಕಿಂತ ದೊಡ್ಡ ತಲೆನೋವು ಶಾಖದ್ದು: ಬೇಸಿಗೆಯಲ್ಲಿ ಕೇಬಲ್ ಹಿಗ್ಗಿ ನಡುಡೆಕ್ ಚಳಿಗಾಲಕ್ಕಿಂತ ಸುಮಾರು 12 ಅಡಿ ಕೆಳಗಿಳಿಯುತ್ತದೆ. ಹಡಗಿನ ತಲೆಯ ಮೇಲಿನ ಅಂತರವನ್ನು ಬೇಸಿಗೆಯ ಮಟ್ಟಕ್ಕೇ ಲೆಕ್ಕ ಹಿಡಿಯಬೇಕು.

ಹಳೇ ನಕ್ಷೆ

ಅದೇ ಸೇತುವೆಯ ಉದ್ಘಾಟನೆ, 1964ರ ನವೆಂಬರ್ 21. ವೇದಿಕೆಯಿಂದ, ನ್ಯೂಯಾರ್ಕಿನ ರಸ್ತೆ ಸೇತುವೆಗಳನ್ನು ಕಟ್ಟಿಸುತ್ತಿದ್ದ ಅಧಿಕಾರಿ ರಾಬರ್ಟ್ ಮೋಸಸ್ ಈ ಮುದುಕರನ್ನು ಬಾಯ್ತುಂಬ ಹೊಗಳಿ ಎದ್ದು ನಿಲ್ಲುವಂತೆ ಕೇಳಿದರು, ಹೆಸರನ್ನು ಮಾತ್ರ ಹೇಳಲಿಲ್ಲ. ಅಮ್ಮಾನ್ ಎದ್ದು ನಿಂತು ಮತ್ತೆ ಕುಳಿತರು. ಆ ಸಾಲಿನ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೆ ಬಂತು ಎನ್ನುವುದನ್ನೂ ಇಲ್ಲಿ ಬರೆದಿಡೋಣ.

ಕಡತ ಓದುಗಿ

1931ರ ಇನ್ನೊಂದು ಸೇತುವೆ ಬೇಯಾನ್ ಕಮಾನಿನ ಬಗ್ಗೆ ಯಾರಾದರೂ ಬರೆಯುತ್ತೀರಾ? ಅದನ್ನು ಕೆಡವದೆ ಎತ್ತರಿಸಿದರಂತೆ.

ತಂತಿಹಗ್ಗ

ಹೌದು ಮೇಡಂ. 1,652 ಅಡಿಯ ಉಕ್ಕಿನ ಕಮಾನು, ಸಿಡ್ನಿಯದಕ್ಕಿಂತ ಎರಡು ಅಡಿಯಷ್ಟೇ ಹೆಚ್ಚು. ನೀರಿನಿಂದ ಡೆಕ್ಕಿಗೆ 151 ಅಡಿ ಇತ್ತು. ಪನಾಮಾ ಕಾಲುವೆ ಅಗಲವಾದ ಮೇಲೆ ಬರುವ ಹೊಸ ಕಂಟೇನರ್ ಹಡಗುಗಳಿಗೆ ಅದು ಸಾಲದು. ಕಮಾನನ್ನು ಬಲಪಡಿಸಿ ಹಾಗೇ ಉಳಿಸಿಕೊಂಡು, ಹಳೆಯ ಡೆಕ್ ಮೇಲೆ ವಾಹನ ಓಡುತ್ತಿರುವಾಗಲೇ ಕಮಾನಿನೊಳಗೆ 215 ಅಡಿ ಎತ್ತರದಲ್ಲಿ ಹೊಸ ಡೆಕ್ ಕಟ್ಟಿದರು. 2017ರಲ್ಲಿ ಮೊದಲ ಅರ್ಧ ತೆರೆಯಿತು, 2019ರಲ್ಲಿ ಪೂರ್ತಿ ಮುಗಿಯಿತು.

ಜಾರ್ಜ್ ವಾಷಿಂಗ್ಟನ್‌ನಲ್ಲೂ ಇಂಥದೇ ದೊಡ್ಡ ದುರಸ್ತಿ ನಡೆದಿದೆ: 592 ಸಸ್ಪೆಂಡರ್ ಹಗ್ಗಗಳನ್ನೂ ಬದಲಿಸುವುದು, ಮುಖ್ಯ ಕೇಬಲ್ಲಿನೊಳಗೆ ಒಣಗಾಳಿ ಹಾಯಿಸುವ ವ್ಯವಸ್ಥೆ ಕೂರಿಸುವುದು. ಮೇಲೆ ಹೇಳಿದ ಒಳತುಕ್ಕಿಗೆ ಮದ್ದು ಈ ಒಣಗಾಳಿ. ಮುಖ್ಯ ಕೇಬಲ್ ಬದಲಿಸುವ ಮಾತಿಲ್ಲ, 1931ರವರೆಗೆ ನೂತು ಮುಗಿಸಿದ ತಂತಿಗಳೇ ಹದಿನಾಲ್ಕು ಲೇನ್ ಹೊರುತ್ತಿವೆ. ಸಸ್ಪೆಂಡರ್ ಬದಲಿಸುವಾಗ ಆ ಹಗ್ಗದ ಪಾಲಿನ ಭಾರವನ್ನು ತಾತ್ಕಾಲಿಕ ಹಗ್ಗಕ್ಕೆ ವರ್ಗಾಯಿಸುವ ಕ್ರಮದ ಬಗ್ಗೆ ಬೇರೆ ಎಳೆ ತೆರೆಯುತ್ತೇನೆ, ಅಲ್ಲಿಗೆ ಬನ್ನಿ.